ದೊಡ್ಡಸಿದ್ದಯ್ಯನ ಇಲಿ

ಮದ್ದೂರಿನಿಂದ ಮಳವಳ್ಳಿ ರಸ್ತೆಗೆ ತಿರುಗಿಕೊಂಡರೆ ಎಡಗಡೆ ಒಂದು ತಗಡಿನ ಶೆಡ್ಡು ಸಿಗುತ್ತದೆ. ಬೋರ್ಡಿಲ್ಲ. ಬೇಲಿ ಕಂಬಕ್ಕೆ ನೇತುಹಾಕಿದ ಸವೆದ ಟೈರಿನ ಮೇಲೆ ಸುಣ್ಣದಲ್ಲಿ ಬರೆದ ‘ಸಿದ್ದಯ್ಯ’ ಎಂಬ ಹೆಸರಷ್ಟೇ ಗುರುತು. ಅದರಲ್ಲೂ ಕೊನೆಯ ಅಕ್ಷರ ಮಳೆಗೆ ತೊಳೆದುಹೋಗಿದೆ. ಚಂದನ ತನ್ನ ಇಷ್ಟದಿಂದ ಇಂಥ ಜಾಗಕ್ಕೆ ಕಾರು ತರುವವಳಲ್ಲ. ಮೈಸೂರಿನಲ್ಲಿ ಓದಿ ಬೆಳೆದವಳು. ಕುಡಿಯುವ ನೀರಿನಿಂದ ಹಿಡಿದು ಔಷಧಿ ಬಾಟಲಿಯ ತಾರೀಖಿನವರೆಗೆ ಎಲ್ಲವನ್ನೂ ಎರಡೆರಡು ಸಲ ನೋಡುವವಳು. ಆದರೆ ಆ ಬುಧವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಜಾಗ ಆರಿಸಿದ್ದು ಅವಳಲ್ಲ, ಕಾರು.

ಮಂಡ್ಯದ ಮಕ್ಕಳ ಡಾಕ್ಟರಿಗೆ ತೋರಿಸಿಕೊಂಡು ವಾಪಸ್ಸು ಬರುತ್ತಿದ್ದಳು. ಹಿಂದಿನ ಸೀಟಿನಲ್ಲಿ ಮೂರು ವರ್ಷದ ಮಗಳು ಅಮೃತ. ಮಗುವಿಗೆ ಉಬ್ಬಸ. ಹೊಗೆ, ಧೂಳು, ತಣ್ಣನೆ ಗಾಳಿ, ಯಾವುದಾದರೊಂದು ಸಾಕು, ಎದೆಯಲ್ಲಿ ಸಿಳ್ಳೆ ಶುರುವಾಗುತ್ತಿತ್ತು. ಪಕ್ಕೆಯ ಕೆಳಗೆ ಗುಳಿ ಬೀಳುವುದು ಕಂಡರೆ ಮನೆಯಲ್ಲಿ ಔಷಧಿಯ ಹಬೆ ಕೊಟ್ಟು, ಒಂದು ನಿಮಿಷವೂ ಕಾಯದೆ ಕರೆತನ್ನಿ ಎಂದು ಡಾಕ್ಟರು ಅವತ್ತೂ ಹೇಳಿ ಕಳಿಸಿದ್ದರು. ಕಾಯದೆ ಅಂದರೆ ಕಾರಿನಲ್ಲಿ ಎಂದೇ ಅರ್ಥ. ಗಂಡ ಪುನೀತ್ ಬಿಡದಿಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸದವನು. ಕೆಲಸದ ಹೊತ್ತಿನಲ್ಲಿ ಅವನ ಫೋನು ಲಾಕರಿನೊಳಗೆ ಇರುತ್ತದೆ. ಮಳವಳ್ಳಿಯ ಮನೆಯಲ್ಲಿ ಉಳಿಯುವವರು ಅವಳು, ಅತ್ತೆ ಮರಿತಾಯಮ್ಮ, ಮಗು. ಹಾಗಾಗಿ ಆ ಎಂಟು ವರ್ಷದ ಹಳೇ ಕಾರು ಹೊರಡುತ್ತದೋ ಇಲ್ಲವೋ ಎಂಬುದು ಚಂದನಳಿಗೆ ಮಗು ಉಸಿರಾಡುತ್ತದೋ ಇಲ್ಲವೋ ಎಂಬಷ್ಟೇ ದೊಡ್ಡ ಮಾತು.

ಅಂಥ ಕಾರು ತಿರುವಿನಲ್ಲಿ ಒಮ್ಮೆ ಮುಗ್ಗರಿಸಿ ಸುಮ್ಮನಾಯಿತು. ಕೀ ತಿರುಗಿಸಿದರೆ ಇಂಜಿನ್ನು ಗರಗರ ಸುತ್ತುತ್ತದೆ, ಹತ್ತಿಕೊಳ್ಳುವುದಿಲ್ಲ. ಮೂರು ವಾರದ ಹಿಂದೆಯೂ ಹೀಗೇ ಆಗಿತ್ತು. ಆಗ ಮಳವಳ್ಳಿಯ ಒಬ್ಬ ಮೆಕ್ಯಾನಿಕ್ಕು ಕ್ಯಾಮ್ ಸೆನ್ಸಾರ್ ಹೋಗಿದೆ ಎಂದು ಹೊಸದು ಹಾಕಿ, ಇನ್ನು ಹತ್ತು ವರ್ಷ ಈ ಕಡೆ ತಲೆ ಹಾಕುವ ಹಾಗಿಲ್ಲ ಅಂದಿದ್ದ. ಆ ಹತ್ತು ವರ್ಷ ಮೂರೇ ವಾರಕ್ಕೆ ಮುಗಿದುಹೋಯಿತು. ಬಸ್ಸಿಗೆ ಕಾಯುತ್ತಿದ್ದ ನಾಲ್ಕು ಜನ ಅವಳನ್ನು ಒಂದು ಮಾತೂ ಕೇಳದೆ ಕಾರನ್ನು ಶೆಡ್ಡಿನೊಳಕ್ಕೆ ತಳ್ಳಿ, ಸಿದ್ದಯ್ಯ ನೋಡ್ಕೋತಾನೆ ಅಂದು ಕೈ ಒರೆಸಿಕೊಂಡು ಹೋದರು. ಇವರೆಲ್ಲ ಶೆಡ್ಡಿನವನ ಕಡೆಯವರೇ ಇರಬೇಕು ಎಂದು ಚಂದನ ಲೆಕ್ಕ ಹಾಕಿದಳು.

ಶೆಡ್ಡಿನಲ್ಲಿ ಇದ್ದದ್ದು ಇಬ್ಬರೇ. ದೊಡ್ಡಸಿದ್ದಯ್ಯ, ಅರವತ್ತರ ಆಸುಪಾಸಿನ ಕಡ್ಡಿಯಂಥ ಮನುಷ್ಯ. ಕನ್ನಡಕದ ಒಂದು ಕಿವಿಗೆ ಕಡ್ಡಿಯಿಲ್ಲ, ಬದಲಿಗೆ ದಾರ. ಇನ್ನೊಬ್ಬಳು ಅವನ ಹೆಂಡತಿ ದೇವಿರಮ್ಮ. ಗಂಡ ಇಂಜಿನ್ನಿಗೆ ಕಿವಿಗೊಟ್ಟು ನಿಂತಾಗ ಸ್ಟೇರಿಂಗಿನ ಹಿಂದೆ ಕೂತು ಕೀ ತಿರುಗಿಸುವುದು, ಅವನು ಬೆರಳೆತ್ತಿದರೆ ಆಕ್ಸಿಲರೇಟರ್ ಒತ್ತುವುದು ಆಕೆಯ ಕೆಲಸ. ಇಪ್ಪತ್ತು ವರ್ಷದಿಂದ ಮದ್ದೂರಿನ ಅರ್ಧ ಗಾಡಿಗಳನ್ನು ನಿಂತಲ್ಲೇ ಓಡಿಸಿದ್ದಾಳೆ. ರಸ್ತೆಯ ಮೇಲೆ ಒಂದನ್ನೂ ಓಡಿಸಿಲ್ಲ. ಆಕೆ ಮಗುವಿಗೆ ಬೆಂಚು ತೋರಿಸಿದಳು. ಚಂದನ ಅದನ್ನು ಎರಡು ಸಲ ಒರೆಸಿ, ಮಗುವನ್ನು ಅಲ್ಲಿ ಕೂರಿಸದೆ ತೊಡೆಯ ಮೇಲೆ ಕೂರಿಸಿಕೊಂಡಳು.

ದೊಡ್ಡಸಿದ್ದಯ್ಯ ಬಾನೆಟ್ಟು ಎತ್ತಲಿಲ್ಲ. ಎದುರಿಗೆ ಕುಕ್ಕರುಗಾಲಲ್ಲಿ ಕೂತು ಕೇಳುವುದಕ್ಕೆ ಶುರು ಮಾಡಿದ. ಗಾಡಿ ನಿಲ್ಲುವುದು ಬಿಸಿಯಾದ ಮೇಲೋ, ತಣ್ಣಗಿದ್ದಾಗಲೋ? ಮನೆ ಎಲ್ಲಿ? ಕಾರು ನಿಲ್ಲಿಸುವುದು ರಸ್ತೆಯಲ್ಲೋ, ಹಟ್ಟಿಯ ಅಂಗಳದಲ್ಲೋ? ಪಕ್ಕದ ಗದ್ದೆಯಲ್ಲಿ ಕಬ್ಬು ಕಡಿದಾಯಿತೋ? ಮನೆಯಲ್ಲಿ ಯಾರ್ಯಾರು ಇರುತ್ತಾರೆ? ಹಳೇ ಪಂಪ್‌ಸೆಟ್ಟು, ಮೋಟಾರು ಏನಾದರೂ ಬಿದ್ದಿದೆಯೋ?

ಕಾರಿಗೂ ಮನೆಯಲ್ಲಿ ಯಾರಿರುತ್ತಾರೆ ಎಂಬುದಕ್ಕೂ ಏನು ಸಂಬಂಧ ಎಂದು ಚಂದನ ಕೇಳಿಯೇಬಿಟ್ಟಳು.

“ಗಾಡಿ ಕೆಡದು ರೋಡಲ್ಲಲ್ಲ ಕಣವ್ವ, ಮನೇಲಿ,” ಅಂದ ದೊಡ್ಡಸಿದ್ದಯ್ಯ. “ಎಲ್ ನಿಲ್ಲುಸ್ತೀರಾ, ಬಾನೆಟ್ ಯಾರ್ ಎತ್ತಾರೆ, ಅದ್ನ ಏಳಿ ಮೊದ್ಲು.”

ಯಾರೂ ಎತ್ತುವುದಿಲ್ಲ ಅಂದಳು. ಸುಳ್ಳಾಯಿತೇನೋ ಅನ್ನಿಸಿ, ಆಯುಧಪೂಜೆಯಲ್ಲಿ ಅತ್ತೆ ಇಂಜಿನ್ನಿಗೂ ಕುಂಕುಮ ಇಡುತ್ತಾರೆ, ಅಷ್ಟೆ ಎಂದು ಸೇರಿಸಿದಳು. ಗಂಡ ಬಿಡದಿಯಲ್ಲಿ ಕೆಲಸಕ್ಕಿದ್ದಾನೆ, ಸುಟ್ಟುಹೋದ ಮೋಟಾರೊಂದು ಕೊಟ್ಟಿಗೆಯಲ್ಲಿ ಬಿದ್ದಿದೆ ಎಂದೂ ಬಾಯಿಬಿಟ್ಟಳು. ಹಳೇ ರೈಸ್‌ಮಿಲ್ಲಿನ ಹಿಂದಿನ ಎರಡನೇ ಮನೆ ಎಂದು ವಿಳಾಸವನ್ನೂ ಕೊಟ್ಟು ಮುಗಿಸಿದ ಮೇಲೆ ಅವಳಿಗೆ ಎಚ್ಚರವಾಯಿತು. ಯಜಮಾನರು ಇನ್ನೇನು ಬಂದುಬಿಡುತ್ತಾರೆ ಎಂದು ಗಟ್ಟಿಯಾಗಿ ಹೇಳಿದಳು. ಬಿಡದಿಯಲ್ಲಿರುವವನು ಇನ್ನೇನು ಹೇಗೆ ಬರುತ್ತಾನೆ ಎಂದು ದೊಡ್ಡಸಿದ್ದಯ್ಯ ಕೇಳಲಿಲ್ಲ. ಕೇಳದಿದ್ದದ್ದೂ ಅವಳಿಗೆ ಸರಿ ಕಾಣಲಿಲ್ಲ.

ಆಮೇಲೆ ಬಾನೆಟ್ಟು ಎತ್ತಿದ. ಅಷ್ಟರಲ್ಲಿ ಕಾಲು ಗಂಟೆ ಕಳೆದಿತ್ತು. ದೇವಿರಮ್ಮ ಕೀ ತಿರುಗಿಸಿದ ಕೂಡಲೇ ಕಾರು ಏನೂ ಆಗಿಲ್ಲವೆಂಬಂತೆ ಹತ್ತಿಕೊಂಡಿತು. ಚಂದನಳಿಗೆ ಅಳು ಬರುವಂತಾಯಿತು. ದೊಡ್ಡಸಿದ್ದಯ್ಯ ಮಾತ್ರ ಇದನ್ನೇ ಕಾಯುತ್ತಿದ್ದವನಂತೆ ತಲೆಯಾಡಿಸಿದ. ಸ್ಕ್ಯಾನರ್ ಚುಚ್ಚಿ ನೋಡಿದರೆ ಮೂರು ವಾರದ ಹಿಂದಿನದೇ ದೂರು: ಕ್ಯಾಮ್ ಸೆನ್ಸಾರ್.

ಹೊಸದು ಹಾಕಿಸಿದ್ದೇನೆ ಅಂದಳು ಚಂದನ. ಇದೇನು, ನೀವೆಲ್ಲರೂ ಒಂದೇ ಪಾಠ ಕಲಿತು ಬಂದಿದ್ದೀರೋ ಎಂದು ಕೇಳಬೇಕೆಂದಿದ್ದಳು, ಕೇಳಲಿಲ್ಲ.

ದೊಡ್ಡಸಿದ್ದಯ್ಯ ಸ್ಪ್ಯಾನರಿನ ತುದಿಯಿಂದ ತೋರಿಸುತ್ತ ಹೇಳಿದ. ಇಂಜಿನ್ನಿನ ಮೇಲ್ಗಡೆ ಒಂದು ಸರಳು ತಿರುಗುತ್ತದೆ. ಯಾವ ಬಾಗಿಲು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದು ಅದರ ಕೈಯಲ್ಲಿ. ಆ ಸರಳು ಈಗ ಎಲ್ಲಿಗೆ ಬಂತು ಎಂದು ಹೆಬ್ಬೆರಳಿನ ಗಾತ್ರದ ಈ ಸೆನ್ಸಾರು ಕಂಪ್ಯೂಟರಿಗೆ ಹೇಳುತ್ತಿರಬೇಕು. ಕೋಲಾಟದಲ್ಲಿ ತಾಳ ಹಾಕುವವನಿದ್ದ ಹಾಗೆ. ಅವನು ಒಂದು ಗಳಿಗೆ ಬಾಯಿ ಮುಚ್ಚಿದರೆ ಆಡುವವರ ಕೋಲು ಪಕ್ಕದವನ ಬೆರಳಿಗೇ ಬೀಳುವುದು. “ತಾಳ ಆಕೋನು ಚೆನ್ನಾಗವ್ನೆ ಕಣವ್ವ. ಅವ್ನ್ ದನಿ ದಾರೀಲೆಲ್ಲೋ ಕಟ್ಟಾಯ್ತಾ ಅದೆ.”

ಮಾತು ಸೊಗಸಾಗಿತ್ತು. ಸೊಗಸಾಗಿ ಮಾತಾಡುವ ಮೆಕ್ಯಾನಿಕ್ಕುಗಳ ಬಗ್ಗೆ ಚಂದನ ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ಓದಿದ್ದಳು. ಸಂದೇಶ ಓದುವವಳಂತೆ ಫೋನನ್ನು ಎದೆಯ ಮಟ್ಟಕ್ಕೆ ಹಿಡಿದು ಸದ್ದಿಲ್ಲದೆ ವಿಡಿಯೋ ಶುರು ಮಾಡಿದಳು.

ಸೆನ್ಸಾರಿಗೆ ಹೋಗುವುದು ಮೂರು ವೈರು. ಒಂದರಲ್ಲಿ ಕರೆಂಟು ಬರುತ್ತದೆ, ಒಂದು ಅರ್ತಿಂಗು, ಮೂರನೆಯದು ಸುದ್ದಿ ಒಯ್ಯುವುದು. ದೊಡ್ಡಸಿದ್ದಯ್ಯ ಮೀಟರು ಹಿಡಿದು ಒಂದೊಂದನ್ನೇ ನೋಡಿದ. ಎಲ್ಲ ಸರಿಯಿತ್ತು. ಇಂಜಿನ್ನು ಬಿಸಿಯಾಗುವ ತನಕ ಓಡಲಿ ಎಂದು ಹೆಂಡತಿಗೆ ಬೆರಳು ತೋರಿಸಿ, ತಾನು ಬೆಂಚಿನ ಮೇಲಿನ ಹಲಗೆಯತ್ತ ತಿರುಗಿದ. ಅಲ್ಲಿ ಸಾಲಾಗಿ ಪ್ಲಾಸ್ಟಿಕ್ ಕವರುಗಳು. ಒಂದೊಂದರಲ್ಲೂ ಒಂದೊಂದು ಸವೆದ ಬೇರಿಂಗು, ಸುಟ್ಟ ಪ್ಲಗ್ಗು, ಹರಿದ ಬೆಲ್ಟು. ಮೇಲೆ ಗಾಡಿಯ ನಂಬರು. ಬಿಚ್ಚಿದ ಹಳೇ ಸಾಮಾನನ್ನು ಗಾಡಿಯವರ ಕೈಗೆ ಕೊಡದೆ ಈ ಶೆಡ್ಡಿನಿಂದ ಒಂದು ತಿರುಪೂ ಆಚೆ ಹೋಗಿಲ್ಲ ಎಂದು ದೇವಿರಮ್ಮ ಕಾರಿನೊಳಗಿಂದಲೇ ಕೂಗಿ ಹೇಳಿದಳು. ಚಂದನ ಆ ಮಾತನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಇಂಜಿನ್ನು ಕಾದ ಮೇಲೆ ದೊಡ್ಡಸಿದ್ದಯ್ಯ ವೈರಿನ ಕಟ್ಟನ್ನು ಎರಡು ಬೆರಳಲ್ಲಿ ಹಿಡಿದು, ನಾಡಿ ನೋಡುವವನಂತೆ, ಗೇಣು ಗೇಣಾಗಿ ಅಲುಗಿಸುತ್ತ ಹಿಂದಕ್ಕೆ ಹೋದ. ಇಂಜಿನ್ನಿನ ಹಿಂಬದಿಗೆ, ಕೈ ಹೋಗಲೂ ಕಷ್ಟವಾದ ಸಂದಿಗೆ ಬಂದಾಗ ಕಾರು ಮುಗ್ಗರಿಸಿತು. ಮತ್ತೆ ಅಲುಗಿಸಿದ. ನಿಂತೇಹೋಯಿತು.

ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಸಂದಿಯೊಳಕ್ಕೆ ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಚಂದನಳ ಮುಖ ನೋಡಿದ, ಮಗುವಿನ ಮುಖ ನೋಡಿದ. ಆಮೇಲೆ ಅವಳಿಗೂ ಇಂಜಿನ್ನಿಗೂ ನಡುವೆ ಬೆನ್ನು ಬರುವ ಹಾಗೆ ತಿರುಗಿ ನಿಂತು ಕಟಿಂಗ್ ಪ್ಲೇಯರ್ ತೆಗೆದುಕೊಂಡ. ಕಟ್ ಎಂದು ಏನೋ ಕತ್ತರಿಸಿದ ಸದ್ದಾಯಿತು. ಅವನ ಎಡಗೈ ಅಂಗಿಯ ಜೇಬಿಗೆ ಹೋಗಿ ಖಾಲಿ ವಾಪಸ್ಸು ಬಂತು.

ಏನದು ಎಂದು ಚಂದನ ಎದ್ದು ನಿಂತಳು.

“ಇಲಿ ಕಣವ್ವ,” ಅಂದ. “ಕಬ್ಬು ಕಡುದ್ ಮ್ಯಾಲೆ ಎಲ್ಲಾ ಗಾಡಿ ಒಳೀಕೆ ಬಂದ್ ಸೇರ್ಕತವೆ. ಎಲ್ಡು ವೈರು ಕಚ್ಚಾಕದೆ. ಬಿಸಿ ಆದೇಟ್ಗೆ ಒಂದಕ್ಕೊಂದು ತಾಕ್ಕತವೆ, ದನಿ ಕಟ್ಟು.”

ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಹೊಸ ವೈರು ಬೆಸೆದು, ಬೆಸುಗೆಯ ಮೇಲೆ ರಬ್ಬರಿನ ತೋಳು ತೊಡಿಸಿ ಬಿಸಿಗೆ ಬಿಗಿ ಮಾಡಿ, ಟೇಪು ಸುತ್ತಿ, ಬಿಸಿ ಪೈಪಿಗೆ ತಾಗದಂತೆ ಪಕ್ಕಕ್ಕೆ ಕಟ್ಟಿದ. ಅರ್ಧ ಗಂಟೆ ಓಡಿಸಿದರು. ಎಷ್ಟು ಅಲುಗಿಸಿದರೂ ನಿಲ್ಲಲಿಲ್ಲ. ಹಳೇ ಸಾಮಾನು ಕೊಡಿ ಅಂದಳು ಚಂದನ. ಎರಡಂಗುಲದ ವೈರಿನ ತುಂಡುಗಳನ್ನು ಕವರಿನಲ್ಲಿ ಹಾಕಿ ಕೊಟ್ಟ. ಅವಳು ಬೆಳಕಿಗೆ ಹಿಡಿದು ನೋಡಿದಳು. ಸುತ್ತಲೂ ಉಂಗುರದ ಹಾಗೆ ಒಂದೇ ಸಮನಾದ ಗೀರು. ಒಂದು ಹಿಕ್ಕೆಯೂ ಕಾಣಲಿಲ್ಲ, ಕಚ್ಚಿದ ಪುಡಿಯೂ ಇಲ್ಲ.

“ಇಲಿ ಹೀಗೆ ಉಂಗುರದ ಥರ ಕಚ್ಚುತ್ತಾ?”

“ಕೆಲವು ಅಂಗೇ ಕಣವ್ವ,” ಎಂದು ದೊಡ್ಡಸಿದ್ದಯ್ಯ ಕೈ ತೊಳೆಯಲು ಹೋದ.

ಮನೆಗೆ ಬಂದು ಚಂದನ ಅತ್ತೆಗೆ ನಡೆದದ್ದನ್ನೆಲ್ಲ ಹೇಳಿದಳು. ಮರಿತಾಯಮ್ಮ ಗದ್ದೆ, ಹಸು, ಎರಡು ಬೆಳೆಗಳ ಲೆಕ್ಕದಲ್ಲೇ ಆಯಸ್ಸು ಕಳೆದ ಗಟ್ಟಿ ಹೆಂಗಸು. ಸೊಸೆಯ ಓದಿನ ಬಗ್ಗೆ ಅವರಿಗೆ ಹೆಮ್ಮೆಯೂ ಇತ್ತು, ಹೆದರಿಕೆಯೂ ಇತ್ತು. ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದವರು ಇಲಿ ಎಂಬ ಮಾತಿಗೆ ಕೈ ನಿಲ್ಲಿಸಿದರು.

“ಇಲಿಯಾ? ಇಲಿ ಬುಟ್ಟು ಬ್ಯಾರೆ ಏನೂ ಸಿಕ್ನಿಲ್ವಾ?”

ಬೇರೆ ಏನು ಸಿಗಬೇಕಿತ್ತು ಎಂದು ಚಂದನ ಕೇಳಿದ್ದಕ್ಕೆ, ಏನಿಲ್ಲ ಬುಡು ಎಂದು ಮೊರ ಎತ್ತಿಕೊಂಡು ಒಳಗೆ ಹೋದರು. ಅವರೂ ಆ ಮೆಕ್ಯಾನಿಕ್ಕನನ್ನು ನಂಬಿಲ್ಲ ಎಂದು ಚಂದನ ತಿಳಿದುಕೊಂಡಳು. ಅತ್ತೆಯೂ ತಾನೂ ಒಂದು ವಿಷಯದಲ್ಲಾದರೂ ಒಂದೇ ಕಡೆ ನಿಂತದ್ದು ಅಪರೂಪ. ಮಗು ಹುಟ್ಟಿದಾಗಿನಿಂದ ಇಬ್ಬರ ನಡುವೆ ಸಣ್ಣಸಣ್ಣ ಜಗ್ಗಾಟಗಳಿದ್ದವು. ಸೊಂಟಕ್ಕೆ ತಾಯತ ಕಟ್ಟಬೇಕೆಂದು ಅತ್ತೆ ದಾರ ತಂದಾಗ, ಅದರ ಕೊಳೆ, ಕುತ್ತಿಗೆಗೆ ಸಿಕ್ಕಿಕೊಳ್ಳುವ ಅಪಾಯ ಎಲ್ಲವನ್ನೂ ಫೋನಿನಲ್ಲಿ ಓದಿ ಹೇಳಿ ಚಂದನ ಬೇಡವೆಂದಿದ್ದಳು. ಕಾರಿನ ಮುಂದೆ ತೂಗುತ್ತಿದ್ದ ನಿಂಬೆಹಣ್ಣು ಮೆಣಸಿನಕಾಯಿಯನ್ನೂ ತೆಗೆದುಹಾಕಿದ್ದಳು. ಅತ್ತೆ ಎದುರಾಡಿರಲಿಲ್ಲ. ಎದುರಾಡದಿದ್ದದ್ದೇ ಆಗ ಅವಳಿಗೆ ಗೆಲುವಿನಂತೆ ಕಂಡಿತ್ತು.

ಮಗು ನಿದ್ದೆ ಹೋದ ಮಧ್ಯಾಹ್ನ ಅವಳು ವಿಡಿಯೋ ಹಾಕಿಕೊಂಡು ಕೂತಳು. ದೊಡ್ಡಸಿದ್ದಯ್ಯನ ಬೆನ್ನು, ಬೆನ್ನು, ಬರೀ ಬೆನ್ನು. ಕತ್ತರಿಸಿದ ಸದ್ದಾದ ಮೇಲೆ ಕೈ ಜೇಬಿಗೆ ಹೋಗುವ ಆ ಒಂದು ಗಳಿಗೆಯನ್ನು ನಿಲ್ಲಿಸಿ, ಬೆರಳಿನಿಂದ ಹಿಗ್ಗಿಸಿದಳು. ಅವನ ಮುಷ್ಟಿಯಲ್ಲಿ ಅರಿಸಿನ ಬಣ್ಣದ ಬಟ್ಟೆಯ ಒಂದು ಸಣ್ಣ ಗಂಟು. ಗಂಟಿನಿಂದ ಹೊರಬಂದ ತಂತಿಯೊಂದು ಬಿಸಿಲಿಗೆ ಕೆಂಪಗೆ ಹೊಳೆಯುತ್ತಿತ್ತು.

ಇಂಥವನ್ನೆಲ್ಲ ಅವಳು ನಂಬುವುದಿಲ್ಲ. ಆದರೂ ಯಾರೋ ಮಾಟ ಮಾಡಿಸಿ ಇಂಜಿನ್ನಿನೊಳಗೆ ಕಟ್ಟಿದ್ದಾರೆ ಎಂಬ ಯೋಚನೆ ಬಂತು. ಅದನ್ನು ತಳ್ಳಿಹಾಕುವಷ್ಟರಲ್ಲಿ ಇನ್ನೊಂದು ಬಂತು. ಮೆಕ್ಯಾನಿಕ್ಕನೇ ಇಟ್ಟು, ಮೆಕ್ಯಾನಿಕ್ಕನೇ ತೆಗೆದನೇ? ಮೊದಲಿನ ಮೆಕ್ಯಾನಿಕ್ಕಿಗೂ ಇವನಿಗೂ ಒಳಗಿನ ಸಂಬಂಧ ಇದೆಯೇ? ಒಂದು ತಿರುಪನ್ನೂ ಇಟ್ಟುಕೊಳ್ಳದವನು ಇದನ್ನೇಕೆ ಜೇಬಿಗೆ ಹಾಕಿಕೊಂಡ? ಊಟದ ಬಿಡುವಿನಲ್ಲಿ ಫೋನಿಗೆ ಸಿಕ್ಕ ಪುನೀತ್ ಎಲ್ಲವನ್ನೂ ಕೇಳಿ, ಕಾರು ಓಡುತ್ತಿದೆ ತಾನೆ, ಬಿಟ್ಟುಹಾಕು ಅಂದ. ಮೂರು ವಾರದ ಹಿಂದೆ ರಿಪೇರಿಯಾದಾಗಲೂ ಕಾರು ಓಡುತ್ತಿತ್ತು ಎಂದು ಚಂದನ ಫೋನಿಟ್ಟಳು. ನಿಲ್ಲಿಸಿದವನು ಯಾರು ಎಂದು ಗೊತ್ತಾಗದೆ ಆ ಕಾರಿನಲ್ಲಿ ಮಗುವನ್ನು ಕೂರಿಸುವ ಧೈರ್ಯ ಅವಳಿಗಿರಲಿಲ್ಲ.

ಮರುದಿನ ಬೆಳಗ್ಗೆ ಮೆಡಿಕಲ್ ಸ್ಟೋರಿಗೆ ಹೋಗಿ ಬರುತ್ತೇನೆ ಎಂದು ಅತ್ತೆಗೆ ಹೇಳಿ, ಮಗುವನ್ನು ಅವರ ಹತ್ತಿರ ಬಿಟ್ಟು, ನೇರ ಮದ್ದೂರಿಗೆ ಹೊರಟಳು. ಹೇಳಬೇಕಾದ ಮಾತನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡಳು. ಗಂಟು ಕೊಡಿ, ಇಲ್ಲವಾದರೆ ಈ ವಿಡಿಯೋವನ್ನು ಊರಿಗೆಲ್ಲ ತೋರಿಸುತ್ತೇನೆ.

ಶೆಡ್ಡಿನಲ್ಲಿ ದೇವಿರಮ್ಮ ಒಬ್ಬಳೇ ಇದ್ದಳು, ಹಲಗೆಯ ಮೇಲಿನ ಕವರುಗಳ ಧೂಳು ಹೊಡೆಯುತ್ತ. ಚಂದನ ಪೀಠಿಕೆಯಿಲ್ಲದೆ ಫೋನು ಮುಂದೆ ಹಿಡಿದಳು. ದೇವಿರಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ನೋಡಿದಳು. ಗಾಬರಿಯಾಗಲಿಲ್ಲ, ಸಿಟ್ಟೂ ಆಗಲಿಲ್ಲ.

“ನಿಮ್ ಯಜಮಾನ್ರು ಕಳ್ಳತನ ಮಾಡಿದ್ದಾರೆ ಅಂತ ನಾಲ್ಕು ಜನಕ್ಕೆ ಹೇಳಲಾ?” ಅಂದಳು ಚಂದನ.

“ಏಳ್ಕಳವ್ವ. ಅವ್ರು ಇಲ್ಲ ಅನ್ನಾಕಿಲ್ಲ.”

ದೇವಿರಮ್ಮ ಅವಳನ್ನು ಬೆಂಚಿನ ಮೇಲೆ ಕೂರಿಸಿದಳು. ಈ ಸಲ ಒರೆಸಲು ನೆನಪಾಗಲಿಲ್ಲ.

ಕಾರು ಮುಟ್ಟುವುದಕ್ಕೆ ಮುಂಚೆ ದೊಡ್ಡಸಿದ್ದಯ್ಯ ದುದ್ದ ಎಂಬ ಊರಿನಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುತ್ತುತ್ತಿದ್ದನಂತೆ. ಸುಟ್ಟ ಮೋಟಾರು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವುದು. ಕಣ್ಣು ಮುಚ್ಚಿಕೊಂಡು ಹೆಬ್ಬೆರಳಲ್ಲಿ ಸವರಿದರೆ ತಂತಿ ಎಷ್ಟು ದಪ್ಪ, ಯಾವ ಮೋಟಾರಿನದು ಎಂದು ಹೇಳುತ್ತಿದ್ದ. ಆಗ ಇಪ್ಪತ್ತೈದು ವಯಸ್ಸು, ಕೆಲಸದ ಮೇಲೆ ಭಾರೀ ಜಂಬ. ಒಂದು ಬಾವಿ, ಅಣ್ಣತಮ್ಮ ಇಬ್ಬರ ಪಾಲು, ಒಂದೇ ಮೋಟಾರು. ಆರು ತಿಂಗಳಲ್ಲಿ ಮೂರು ಸಲ ಸುಟ್ಟಿತು. ಅಣ್ಣ ಹತ್ತು ಜನರನ್ನು ಕರೆದು, ನೀನೇ ಕಳಪೆ ತಂತಿ ಸುತ್ತಿದ್ದೀಯ ಅಂದ. ದೊಡ್ಡಸಿದ್ದಯ್ಯ ಸ್ಟಾರ್ಟರಿನ ಪೆಟ್ಟಿಗೆ ಬಿಚ್ಚಿ ನೋಡಿದ. ಕರೆಂಟು ಹೋದಾಗ ತಾನೇ ಬಿಟ್ಟುಕೊಳ್ಳಬೇಕಾದ ಗುಂಡಿ ಬಿಡದ ಹಾಗೆ ಯಾರೋ ಸಂದಿಗೆ ಬಾಚಣಿಗೆಯ ತುಂಡು ಸಿಕ್ಕಿಸಿದ್ದರು. ಕರೆಂಟು ಬಂದ ಕೂಡಲೇ ಮೋಟಾರು ತಾನೇ ಓಡುತ್ತದೆ, ನೀರಿರಲಿ ಬಿಡಲಿ ಓಡಿ ಓಡಿ ಸುಡುತ್ತದೆ. ತನ್ನ ತಪ್ಪಲ್ಲ ಎಂದು ತೋರಿಸುವ ಹುಮ್ಮಸ್ಸಿನಲ್ಲಿ ಅವನು ಆ ತುಂಡನ್ನು ಎಲ್ಲರ ಮುಂದೆ ಎತ್ತಿ ಹಿಡಿದ. ಹಸಿರು ಬಾಚಣಿಗೆ. ಅದು ತಮ್ಮನ ಹೆಂಡತಿಯದೆಂದು ಇಡೀ ಕೇರಿಗೆ ಗೊತ್ತು. ಕತ್ತಲಲ್ಲಿ ಗಂಡ ಮೋಟಾರು ಹಾಕಲು ಗದ್ದೆಗೆ ಹೋಗಬಾರದು, ಅಲ್ಲಿ ಹಾವಿದೆ ಎಂದು ಆ ಹುಡುಗಿ ಮಾಡಿದ್ದ ಕೆಲಸ. ಬಸುರಿ ಹೆಂಗಸು.

“ತೌರಿಗೆ ಕಳುಸುದ್ರು,” ಅಂದಳು ದೇವಿರಮ್ಮ. “ವಾಪಸ್ ಬರ್ನೇ ಇಲ್ಲ. ಬಾವಿ ಮಧ್ಯಕ್ಕೆ ಗೋಡೆ ಎದ್ದೋಯ್ತು. ಇವ್ರು ಮೋಟ್ರು ಸುತ್ತದು ಬುಟ್ಟು ಮದ್ದೂರ್ಗೆ ಬಂದ್ಬುಟ್ರು. ಅವತ್ತಿಂದ ನಮ್ ಶೆಡ್ಡಲ್ಲಿ ಯಾರ್ ಮನೇರು ಏನ್ ಮಾಡಿ ಕೆಡ್ಸುದ್ರೂ ಇಲೀನೇ ಕಣವ್ವ.”

ಚಂದನಳಿಗೆ ನಂಬಬೇಕೆನಿಸಿತು, ಆದರೆ ಕಥೆ ಚೆನ್ನಾಗಿದ್ದಷ್ಟೂ ಅವಳಿಗೆ ಅನುಮಾನ ಜಾಸ್ತಿ. ಹಾಗಾದರೆ ಗಂಟು ಎಲ್ಲಿ, ಅವರೆಲ್ಲಿ ಎಂದು ಕೇಳಿದಳು.

ಬೆಳಗಿನ ಬಸ್ಸಿಗೇ ಮಳವಳ್ಳಿಗೆ ಹೋದರು ಅಂದಳು ದೇವಿರಮ್ಮ. ಹಳೇ ಸಾಮಾನು ಯಾರದೋ ಅವರ ಕೈಗೇ ಕೊಡಬೇಕಲ್ಲ.

ಚಂದನ ಕಾರಿಗೆ ಓಡಿದಳು. ಹಳೇ ರೈಸ್‌ಮಿಲ್ಲಿನ ಹಿಂದಿನ ಎರಡನೇ ಮನೆ. ತಾನೇ ಬಾಯಾರೆ ಹೇಳಿಕೊಟ್ಟ ವಿಳಾಸ. ಮನೆಯಲ್ಲಿ ಒಬ್ಬ ಮುದುಕಿ, ಒಂದು ಮಗು, ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಅತ್ತೆಯ ಫೋನಿಗೆ ಮಾಡಿದರೆ ಎತ್ತುತ್ತಿಲ್ಲ. ಅವರು ಅದನ್ನು ಯಾವತ್ತೂ ದೇವರ ಮನೆಯಲ್ಲೇ ಇಟ್ಟು ಮರೆಯುವವರು ಎಂಬುದು ಗೊತ್ತಿದ್ದರೂ ಮತ್ತೆ ಮತ್ತೆ ಮಾಡಿದಳು. ಬೆಲ್ಲದ ಗಾಣದ ಹತ್ತಿರ ಕಬ್ಬಿನ ಗಾಡಿಗಳ ಸಾಲಿನ ಹಿಂದೆ ನಿಧಾನ ಉರುಳುವಾಗ ಇಂಜಿನ್ನು ಚೆನ್ನಾಗಿ ಕಾಯಿತು. ನಿಲ್ಲುವುದಾದರೆ ಇಲ್ಲೇ ನಿಲ್ಲಬೇಕು. ಅವಳು ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಕಾದಳು. ನಿಲ್ಲಲಿಲ್ಲ. ಒಮ್ಮೆಯೂ ಮುಗ್ಗರಿಸಲಿಲ್ಲ.

ಮಿಲ್ಲಿನ ಮುಂದೆಯೇ ಕಾರು ನಿಲ್ಲಿಸಿ, ಸದ್ದಾಗದಂತೆ ಕೊಟ್ಟಿಗೆಯ ಗೋಡೆಯ ಪಕ್ಕದಿಂದ ಬಂದಳು. ಒಂದು ಕೈಯಲ್ಲಿ ಫೋನು ಸಿದ್ಧವಾಗಿತ್ತು. ಗೋಡೆಯಾಚೆ ಅಂಗಳದಲ್ಲಿ ಮಾತು ಕೇಳಿಸಿತು. ಅತ್ತೆಯ ದನಿ, ಆದರೆ ಅವಳು ಕೇಳಿ ಗೊತ್ತಿದ್ದ ಗಟ್ಟಿ ದನಿಯಲ್ಲ.

“ದಾರ ಆದ್ರೆ ಇಂಜಿನ್ ಬಿಸೀಗೆ ಸುಟ್ಟೋಯ್ತದೆ ಅಂತ ಮೋಟ್ರು ತಂತೀಲಿ ಬಿಗ್ದೆ ಕಣಣ್ಣ. ಕೂಸಿನ ಒಕ್ಕುಳ ಬಳ್ಳಿ ಅದು. ಬೀಗ್ತೀನ ಬೇಡಿ ಇಸ್ಕಂಡಿದ್ದೆ. ಸ್ವಾಂಟಕ್ಕೆ ಕಟ್ಟಕ್ಕೆ ಅವ್ಳು ಬುಡ್ನಿಲ್ಲ. ಆಸ್ಪತ್ರೆಗೋಗೋ ಗಾಡೀಲಾರ ಕೂಸಿನ್ ಜತ್ಗಿರ್ಲಿ ಅಂತ...” ದನಿ ನಿಂತು ಮತ್ತೆ ಬಂತು. “ನನ್ ಕೂಸ್ ಓಗೋ ಗಾಡೀನ ನಾನೇ ದಾರೀಲಿ ನಿಲ್ಸುದ್ನಲ್ಲಣ್ಣ.”

ಚಂದನ ಗೋಡೆಗೆ ಒರಗಿದಳು. ವೈರಿನ ಮೇಲಿನ ಉಂಗುರ ಇಲಿಯದಲ್ಲ, ಕೊಟ್ಟಿಗೆಯ ಸುಟ್ಟ ಮೋಟಾರಿನ ತಂತಿಯದು. ಬಾಣಂತನದಲ್ಲಿ ಮೈಸೂರಿನ ಮನೆಯಲ್ಲಿ ಹೊಕ್ಕುಳಬಳ್ಳಿ ಬಿದ್ದ ದಿನ ಅದು ಎಲ್ಲಿ ಹೋಯಿತು ಎಂದು ಅವಳು ಕೇಳಿದ್ದಳು. ಅಮ್ಮ ಮಾತು ಹಾರಿಸಿದ್ದರು. ಯಾರೋ ಕಸದ ಜೊತೆ ಎಸೆದಿದ್ದಾರೆ ಎಂದು ಆಗಲೂ ಅನುಮಾನಪಟ್ಟು, ಮರೆತಿದ್ದಳು. ಮೂರು ವರ್ಷ ಅದನ್ನು ಅರಿಸಿನದ ಬಟ್ಟೆಯಲ್ಲಿ ಯಾರು ಕಾಪಾಡಿದ್ದರು ಎಂದು ಈಗ ಗೊತ್ತಾಯಿತು. ಕೂಡಲೇ ಸಿಟ್ಟೂ ಬಂತು. ಮಗು ಅವತ್ತು ಉಬ್ಬಸದಲ್ಲಿದ್ದಿದ್ದರೆ? ಪಕ್ಕೆ ಗುಳಿಬಿದ್ದು ಕಾರು ಆ ತಿರುವಿನಲ್ಲಿ ನಿಂತಿದ್ದಿದ್ದರೆ? ಒಳಗೆ ನುಗ್ಗಿ ಅದನ್ನು ಹೇಳಬೇಕೆಂದು ಒಂದು ಹೆಜ್ಜೆ ಇಟ್ಟಳು.

“ಬುಡಕ್ಕ, ಆಗಿದ್ದಾಯ್ತು,” ಎನ್ನುತ್ತಿದ್ದ ದೊಡ್ಡಸಿದ್ದಯ್ಯ. “ಇಲಿ ಅಂದಿವ್ನಿ. ಇಲಿ ಅಂತ್ಲೇ ಇರ್ಲಿ. ಇಂಜಿನ್ ತಾವ್ ಮಾತ್ರ ಓಗ್ಬ್ಯಾಡ. ಕೂಸು ಕೂರೋ ಸೀಟ್ ಕೆಳ್ಗೆ ಒಂದು ಕಬ್ಣದ್ ಕಾಲದೆ. ಅಲ್ಲಿ ವೈರಿಲ್ಲ, ಬಿಸೀನೂ ಇಲ್ಲ. ನೂಲ್ ದಾರ ಸಾಕು.”

ಇಟ್ಟ ಹೆಜ್ಜೆ ಅಲ್ಲೇ ನಿಂತಿತು. ಹಸಿರು ಬಾಚಣಿಗೆಯ ತುಂಡೊಂದನ್ನು ಹತ್ತು ಜನರ ಮುಂದೆ ಎತ್ತಿ ಹಿಡಿದ ಕೈ ಅವಳ ಕಣ್ಣಿಗೆ ಕಟ್ಟಿತು. ತನ್ನ ಕೈಯಲ್ಲಿ ಫೋನಿತ್ತು. ಅವಳು ಅದನ್ನು ಬ್ಯಾಗಿಗೆ ಹಾಕಿ, ಹಿಂದಕ್ಕೆ ನಡೆದು, ಗೇಟಿನ ಕಡೆಯಿಂದ ಚಪ್ಪಲಿ ಸದ್ದು ಮಾಡುತ್ತ ಬಂದಳು.

ಅಂಗಳದಲ್ಲಿ ದೊಡ್ಡಸಿದ್ದಯ್ಯ ಕಲ್ಲಿನ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದ. ಅಮೃತ ಅವನ ಕನ್ನಡಕದ ದಾರ ಹಿಡಿದು ಎಳೆಯುತ್ತಿತ್ತು. ಮರಿತಾಯಮ್ಮನ ಮುಷ್ಟಿ ಸೆರಗಿನೊಳಗೆ ಹೋಯಿತು.

“ಈ ಕಡೆ ಕೆಲ್ಸಿತ್ತು ಕಣವ್ವ,” ಎಂದು ದೊಡ್ಡಸಿದ್ದಯ್ಯ ಲೋಟ ಕೆಳಗಿಟ್ಟ. “ಅಂಗೇ ಇಲಿ ಕಾಟ ಎಂಗದೆ ನೋಡವಾ ಅಂತ ಬಂದೆ.”

ಚಂದನ ಅವನ ಮುಖ ನೋಡಿದಳು. ಇಷ್ಟು ಸಲೀಸಾಗಿ ಸುಳ್ಳು ಹೇಳುವ ಮನುಷ್ಯನನ್ನು ಅವಳು ನೋಡಿರಲಿಲ್ಲ. ಇವನು ಬೆಸುಗೆಯ ಬಗ್ಗೆ ಹೇಳಿದ್ದಾದರೂ ನಿಜವೋ ಎಂಬ ಯೋಚನೆ ಆಗಲೂ ಬಾರದೆ ಇರಲಿಲ್ಲ.

“ಮತ್ತೆ ಇಂಜಿನ್ನಿಗೆ ಬರುತ್ತಾ?”

“ಬರಾಕಿಲ್ಲ. ಬ್ಯಾರೆ ದಾರಿ ತೋರ್ಸಿವ್ನಿ.”

“ಹಾಗಾದರೆ ಊಟ ಮಾಡಿಕೊಂಡು ಹೋಗಿ,” ಅಂದಳು ಚಂದನ. ಅತ್ತೆ ತಲೆಯೆತ್ತಿ ಸೊಸೆಯನ್ನು ನೋಡಿದರು. ಏನೂ ಕೇಳದೆ ಎಲೆ ತರಲು ಒಳಗೆ ಹೋದರು.

ಹನ್ನೆರಡು ದಿನ ಏನೂ ಆಗಲಿಲ್ಲ. ಆಮೇಲೆ ಪಕ್ಕದ ಗದ್ದೆಯವರು ಕಬ್ಬಿನ ತರಗಿಗೆ ಬೆಂಕಿ ಹಾಕಿದ ಬೆಳಗ್ಗೆ ಹೊಗೆ ಅಂಗಳಕ್ಕೆಲ್ಲ ಕವಿಯಿತು. ಅರ್ಧ ಗಂಟೆಯಲ್ಲಿ ಅಮೃತಳ ಎದೆಯಲ್ಲಿ ಸಿಳ್ಳೆ, ಮುಕ್ಕಾಲು ಗಂಟೆಗೆ ಪಕ್ಕೆಯ ಕೆಳಗೆ ಗುಳಿ. ಚಂದನ ಫೋನಿನ ಗಡಿಯಾರ ಹಿಡಿದು ಉಸಿರು ಎಣಿಸಿದಳು, ನಿಮಿಷಕ್ಕೆ ಐವತ್ತೆರಡು. ಹಬೆ ಕೊಟ್ಟಳು, ಮಗುವನ್ನು ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದಳು. ಮರಿತಾಯಮ್ಮ ಪಕ್ಕದಲ್ಲಿ ಕೂತು ಮಗುವಿನ ಬೆನ್ನು ಸವರುತ್ತಿದ್ದರು. ಚಂದನ ಕೀ ತಿರುಗಿಸಿದಳು.

ಮೊದಲ ಸಲಕ್ಕೇ ಇಂಜಿನ್ನು ಹತ್ತಿಕೊಂಡಿತು. ಮದ್ದೂರಿನ ತಿರುವು ಬಂತು, ಹೋಯಿತು. ಶೆಡ್ಡಿನಲ್ಲಿ ದೇವಿರಮ್ಮ ಯಾರದೋ ಕಾರಿನ ಸ್ಟೇರಿಂಗ್ ಹಿಂದೆ ಕೂತಿದ್ದಳು. ಇವರು ನಿಲ್ಲಿಸಲಿಲ್ಲ. ಮಂಡ್ಯ ಮುಟ್ಟುವ ತನಕ ಚಂದನಳ ಒಂದು ಕಿವಿ ಮಗುವಿನ ಉಸಿರಿನ ಮೇಲೆ, ಇನ್ನೊಂದು ಇಂಜಿನ್ನಿನ ಮೇಲೆ ಇತ್ತು. ಎರಡೂ ನಿಲ್ಲಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಉಸಿರು ಮೂವತ್ತಕ್ಕೆ ಇಳಿಯಿತು. ಡಾಕ್ಟರು, ಸರಿಯಾದ ಹೊತ್ತಿಗೆ ತಂದಿರಿ ಅಂದರು. ವಾಪಸ್ಸು ಹೊರಡಲು ನಿದ್ದೆಯಲ್ಲಿದ್ದ ಮಗುವನ್ನು ಸೀಟಿಗೆ ಕೂರಿಸುವಾಗ ಅದರ ಒಂದು ಚಪ್ಪಲಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಸೀಟಿನ ಕೆಳಗೆ ಕೈ ಹಾಕಿದ ಚಂದನಳ ಬೆರಳಿಗೆ ಕಬ್ಬಿಣದ ಕಾಲು ಸಿಕ್ಕಿತು, ಅದಕ್ಕೆ ಕಟ್ಟಿದ ಮೆತ್ತನೆಯ ಪುಟ್ಟ ಗಂಟು ಸಿಕ್ಕಿತು. ಬಗ್ಗಿ ನೋಡಿದಳು. ಮಗುವಿನ ಕೈಗೆ ಎಟುಕುತ್ತದೋ ಎಂದು ಅಳೆದಳು, ಎಟುಕುವುದಿಲ್ಲ. ಬಾಯಿಗೆ ಹಾಕಿಕೊಳ್ಳುವಷ್ಟು ದಾರ ಉಳಿದಿದೆಯೋ ಎಂದು ನೋಡಿದಳು, ಇಲ್ಲ. ಎಳೆದು ನೋಡಿದರೆ ಸ್ವಲ್ಪ ಸಡಿಲವಿತ್ತು.

ಕಾರಿನ ಆಚೆ ಬದಿಯಲ್ಲಿ ನಿಂತಿದ್ದ ಮರಿತಾಯಮ್ಮ ಏನೂ ಕಾಣದವರಂತೆ ಆಸ್ಪತ್ರೆಯ ಗೇಟಿನ ಕಡೆ ನೋಡುತ್ತಿದ್ದರು. ಚಂದನ ಮೊಣಕಾಲೂರಿ ಕೂತು ದಾರಕ್ಕೆ ಇನ್ನೊಂದು ಗಂಟು ಹಾಕಿದಳು, ಗಟ್ಟಿಯಾಗಿ.